ಸಾಲಿನ ಕೊನೆಗೊಂದು ಗೆರೆ

2025ರ ನವೆಂಬರ್ ಮೊದಲ ವಾರ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್ ರಾಜ್ಯದ ಪತ್ರಿಕೆಗಳ ಮುಖಪುಟದಲ್ಲಿತ್ತು. ಕಬ್ಬು ಬೆಳೆಗಾರರು ಹಗಲಿರುಳು ಧರಣಿ ಕುಳಿತು ಟನ್ನಿಗೆ 3,500 ರೂಪಾಯಿ ಕೇಳುತ್ತಿದ್ದರು. ನವೆಂಬರ್ 7ರಂದು ಸರ್ಕಾರ 3,300 ರೂಪಾಯಿ ಘೋಷಿಸಿತು. ಆ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ಟನ್ನಿಗೆ 3,550. ಅದರಲ್ಲಿ ಕಟಾವು ಮತ್ತು ಸಾಗಣೆಯ ಖರ್ಚು ಕಳೆದು ರೈತರ ಖಾತೆಗೆ ಬೀಳುವುದು ಬೇರೆಯೇ ಮೊತ್ತ. ಗೋಕಾಕ, ಮೂಡಲಗಿ, ಹುಕ್ಕೇರಿಯ ಚಹಾದಂಗಡಿಗಳಲ್ಲಿ ಆ ವಾರವೆಲ್ಲ ಈ ಮೂರು ಸಂಖ್ಯೆಗಳದ್ದೇ ಮಾತು.

ಮೂರೂ ಒಂದೇ ವರ್ಷದ ಸಂಖ್ಯೆಗಳು. ದರ ನ್ಯಾಯವೋ ಅನ್ಯಾಯವೋ ಎಂದು ವಾದಿಸಲು ಬೇಕಾದದ್ದು ಹಿಂದಿನ ಹನ್ನೆರಡು ವರ್ಷಗಳ ಸಾಲು. ಅದು ಗುಟ್ಟಿನ ವಿಷಯವೇನಲ್ಲ, ಪ್ರತಿ ವರ್ಷ ಕೇಂದ್ರ ಸಂಪುಟದ ತೀರ್ಮಾನವಾದ ದಿನವೇ ಪ್ರಕಟವಾಗುತ್ತದೆ. ಕ್ವಿಂಟಲ್ ಲೆಕ್ಕದಲ್ಲಿ 2013–14ರಿಂದ ಶುರುಮಾಡಿ ಒಂದರ ಪಕ್ಕ ಒಂದನ್ನಿಟ್ಟರೆ ಹೀಗೆ ಬರುತ್ತದೆ: 210, 220, 230, 230, 255, 275, 275, 285, 290, 305, 315, 340, 355.

ಹದಿಮೂರು ಸಂಖ್ಯೆಗಳನ್ನು ಓದಿ ಮುಗಿಸುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಏರಿದೆ ಎಂಬುದಷ್ಟೇ ಮನಸ್ಸಿನಲ್ಲಿ ಉಳಿಯುತ್ತದೆ. ಯಾವ ವರ್ಷ ನಿಂತಿತು, ಯಾವ ವರ್ಷ ನೆಗೆಯಿತು, ಏರಿಕೆಯ ವೇಗ ಒಂದೇ ಆಗಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮತ್ತೆ ಎಡಗಡೆಗೆ ಹೋಗಬೇಕು. ಈ ಸಂಖ್ಯೆಗಳನ್ನು ಕಂಪ್ಯೂಟರ್‌ನ ಲೆಕ್ಕದ ಹಾಳೆಯಲ್ಲಿ ಸೆಲ್‌ಗೊಂದರಂತೆ ಬರೆದಾಗ ಆ ಹದಿಮೂರು ಸೆಲ್‌ಗಳ ಮುಂದೆ ಹದಿನಾಲ್ಕನೆಯದೊಂದು ಖಾಲಿ ಸೆಲ್ ಇದ್ದು, ಅದರೊಳಗೆ ಈ ಅಂಕಿಗಳದ್ದೇ ಒಂದು ಪುಟ್ಟ ಗೆರೆ ಮೂಡಿದರೆ ಕಣ್ಣು ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತದೆ. ಎರಡು ಕಡೆ ಸಮತಟ್ಟು: 2016–17 ಮತ್ತು 2019–20. ಎರಡು ಕಡೆ ಕಡಿದಾದ ಏರು: 2017–18 ಮತ್ತು 2024–25. ಎರಡೂ ಸಲ ಹೆಚ್ಚಿದ್ದು ಕ್ವಿಂಟಲ್‌ಗೆ ಸರಿಯಾಗಿ 25 ರೂಪಾಯಿ.

ಈ ಪುಟ್ಟ ನಕ್ಷೆಗೆ ಸ್ಪಾರ್ಕ್‌ಲೈನ್ ಎಂದು ಹೆಸರು. ಹೆಸರಿಟ್ಟವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಟಫ್ಟಿ. ಅಂಕಿಅಂಶಗಳನ್ನು ಚಿತ್ರವಾಗಿ ತೋರಿಸುವ ಬಗೆಯ ಮೇಲೆ 1983ರಿಂದ ಪುಸ್ತಕಗಳನ್ನು ಬರೆಯುತ್ತ ಬಂದ ಅವರು 2006ರ ‘ಬ್ಯೂಟಿಫುಲ್ ಎವಿಡೆನ್ಸ್’ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ನಕ್ಷೆಗೆ ಬೇರೆ ಪುಟ ಬೇಕಿಲ್ಲ, ಒಂದು ಪದ ಹಿಡಿಯುವಷ್ಟು ಜಾಗ ಸಾಕು, ಸಂಖ್ಯೆಯ ಪಕ್ಕದಲ್ಲೇ ಅದರ ಚರಿತ್ರೆಯೂ ಇರಲಿ ಎಂಬುದು ಅವರ ವಾದ. ರೋಗಿಯ ರಕ್ತದಲ್ಲಿನ ಸಕ್ಕರೆಯ ಅಳತೆಯನ್ನು ಅವರು ಉದಾಹರಣೆಯಾಗಿ ಕೊಟ್ಟಿದ್ದರು. ಇವತ್ತಿನ ಒಂದು ಸಂಖ್ಯೆ ವೈದ್ಯರಿಗೆ ಹೇಳುವುದು ಸ್ವಲ್ಪ, ಅದು ಏರುತ್ತ ಬಂದದ್ದೋ ಇಳಿಯುತ್ತ ಬಂದದ್ದೋ ಎಂಬುದು ಹೇಳುವುದು ಬಹಳ.

ಮೈಕ್ರೋಸಾಫ್ಟ್ ತನ್ನ ಎಕ್ಸೆಲ್ 2010ರಲ್ಲಿ ಇದನ್ನು ಸೇರಿಸಿತು. ಗೂಗಲ್ ಶೀಟ್ಸ್‌ನಲ್ಲಿ ಇದು ಒಂದು ಸೂತ್ರವಾಗಿ ಸಿಗುತ್ತದೆ. ಹಣ ಕೊಡದೆ ಬಳಸಬಹುದಾದ ಲಿಬ್ರೆ ಆಫೀಸ್‌ಗೆ 2022ರ ಆಗಸ್ಟ್‌ನಲ್ಲಿ ಬಂದ 7.4ನೇ ಆವೃತ್ತಿಯೊಂದಿಗೆ ಬಂತು. ಅಂದರೆ ಹಳ್ಳಿಯ ಪತ್ತಿನ ಸಹಕಾರಿ ಸಂಘದಲ್ಲಿರುವ ಕಂಪ್ಯೂಟರ್‌ನಲ್ಲೂ ಇದು ಈಗಾಗಲೇ ಇರಬಹುದು. ಬಳಸುವವರು ವಿರಳ.

ಮಾಡುವ ಕೆಲಸ ಒಂದು ನಿಮಿಷದ್ದು. ಎಕ್ಸೆಲ್‌ನಲ್ಲಿ ಸಾಲಿನ ಕೊನೆಯ ಖಾಲಿ ಸೆಲ್ ಮೇಲೆ ನಿಂತು, ಇನ್ಸರ್ಟ್ ಪಟ್ಟಿಯಲ್ಲಿ ಸ್ಪಾರ್ಕ್‌ಲೈನ್ಸ್ ಎಂಬ ಗುಂಪಿನಲ್ಲಿರುವ ‘ಲೈನ್’ ಒತ್ತಬೇಕು. ಯಾವ ಸೆಲ್‌ನಿಂದ ಯಾವ ಸೆಲ್‌ವರೆಗೆ ಎಂದು ಕೇಳುತ್ತದೆ, ಮೌಸ್ ಎಳೆದು ತೋರಿಸಿದರೆ ಆಯಿತು. ಕೆಳಗಿನ ಸಾಲುಗಳಿಗೂ ಬೇಕಿದ್ದರೆ ಆ ಸೆಲ್‌ನ ಮೂಲೆ ಹಿಡಿದು ಕೆಳಕ್ಕೆ ಎಳೆಯುವುದು. ಗೂಗಲ್ ಶೀಟ್ಸ್‌ನಲ್ಲಿ ಸಮ ಚಿಹ್ನೆ ಹಾಕಿ, ಸ್ಪಾರ್ಕ್‌ಲೈನ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕಂಸದೊಳಗೆ ಸೆಲ್‌ಗಳ ವ್ಯಾಪ್ತಿಯನ್ನು ಕೊಡಬೇಕು. ಮೊಬೈಲ್‌ನಲ್ಲೂ ಇದು ನಡೆಯುತ್ತದೆ. ಎಕ್ಸೆಲ್‌ನಲ್ಲಿ ಗೆರೆ ಸೆಲ್‌ನ ಹಿನ್ನೆಲೆಯಲ್ಲಿ ಕೂರುವುದರಿಂದ ಅದರ ಮೇಲೆಯೇ ಇತ್ತೀಚಿನ ಸಂಖ್ಯೆಯನ್ನೂ ಟೈಪ್ ಮಾಡಬಹುದು. ಆದರೆ ಡಿಲೀಟ್ ಕೀ ಒತ್ತಿದರೆ ಗೆರೆ ಹೋಗುವುದಿಲ್ಲ, ಅದಕ್ಕೆ ಬೇರೆಯದೇ ‘ಕ್ಲಿಯರ್’ ಗುಂಡಿ ಇದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಇನ್ನೊಂದು ತೊಡಕು ಹಳೆಯ ಕಡತಗಳದ್ದು. ಎಕ್ಸೆಲ್ 2003ರ ಕಾಲದ ಮಾದರಿಯಲ್ಲಿ ಉಳಿಸಿಟ್ಟ ಕಡತ ತೆರೆದರೆ ಸ್ಪಾರ್ಕ್‌ಲೈನ್ ಗುಂಡಿಗಳು ಮಸುಕಾಗಿರುತ್ತವೆ. ಒಮ್ಮೆ ಹೊಸ ಮಾದರಿಗೆ ‘ಸೇವ್ ಆ್ಯಸ್’ ಮಾಡಿ, ಮುಚ್ಚಿ ಮತ್ತೆ ತೆರೆದರೆ ಜೀವ ಬರುತ್ತದೆ.

ಮೂರು ಬಗೆಗಳಿವೆ. ಲೈನ್ ಎಂದರೆ ಗೆರೆ, ಕಾಲಂ ಎಂದರೆ ನಿಂತ ಕಡ್ಡಿಗಳು, ವಿನ್–ಲಾಸ್ ಎಂದರೆ ಅಂಕಿ ಸೊನ್ನೆಗಿಂತ ಮೇಲಿದೆಯೇ ಕೆಳಗಿದೆಯೇ ಎಂಬುದನ್ನು ಮಾತ್ರ ಹೇಳುವ ಮೇಲಿನ–ಕೆಳಗಿನ ಚೌಕಗಳು. ಕಬ್ಬಿನ ದರ ಹಿಂದಿನ ವರ್ಷಕ್ಕಿಂತ ಎಷ್ಟು ಹೆಚ್ಚಾಯಿತು ಎಂಬ ಇನ್ನೊಂದು ಸಾಲು ಬರೆದು ವಿನ್–ಲಾಸ್ ಹಾಕಿದರೆ ಹತ್ತು ಕಡೆ ಮೇಲಿನ ಚೌಕ, ಎರಡು ಕಡೆ ಬರಿದು. ಕೆಳಗಿನ ಚೌಕ ಒಂದೂ ಇಲ್ಲ, ಏಕೆಂದರೆ ಎಫ್‌ಆರ್‌ಪಿ ಈ ಅವಧಿಯಲ್ಲಿ ಒಮ್ಮೆಯೂ ಇಳಿದಿಲ್ಲ.

ಇಷ್ಟು ನೋಡಿದವರು ಗೆರೆ ಚೆನ್ನಾಗಿ ಏರಿದೆಯಲ್ಲ, ಮತ್ತೇಕೆ ಧರಣಿ ಎಂದು ಕೇಳಬಹುದು. ಪುಟ್ಟ ಗೆರೆ ದಾರಿ ತಪ್ಪಿಸುವುದೂ ಇಲ್ಲಿಯೇ. ಅದರಲ್ಲಿ ಅಳತೆಪಟ್ಟಿ ಇಲ್ಲ, ಟಿಪ್ಪಣಿ ಇಲ್ಲ, ಅಡಿಬರಹ ಇಲ್ಲ. ಆ ಹದಿಮೂರು ಅಂಕಿಗಳು ಒಂದೇ ವಸ್ತುವಿನ ಬೆಲೆಯೇ ಎಂದು ಅದು ಕೇಳುವುದಿಲ್ಲ.

ಅವು ಒಂದೇ ವಸ್ತುವಿನ ಬೆಲೆಯಲ್ಲ. 2017–18ರವರೆಗೆ ಎಫ್‌ಆರ್‌ಪಿ ನಿಂತದ್ದು ಶೇ 9.5ರ ಸಕ್ಕರೆ ಇಳುವರಿಯ ಮೇಲೆ, ಅಂದರೆ ನೂರು ಕಿಲೊ ಕಬ್ಬು ನುರಿಸಿದರೆ ಒಂಬತ್ತೂವರೆ ಕಿಲೊ ಸಕ್ಕರೆ ಬರುವ ಕಬ್ಬಿಗೆ ಆ ದರ. 2018–19ರಲ್ಲಿ ಈ ಮೂಲ ಇಳುವರಿಯನ್ನು ಶೇ 10ಕ್ಕೆ ಏರಿಸಲಾಯಿತು. 2022–23ರಲ್ಲಿ ಶೇ 10.25ಕ್ಕೆ. ದರ ಏರಿದ ವರ್ಷವೇ ಆ ದರ ಪಡೆಯಲು ಬೇಕಾದ ಸಕ್ಕರೆಯ ಪ್ರಮಾಣವೂ ಏರಿತು. 255ರಿಂದ 275ಕ್ಕೆ ಜಿಗಿದಂತೆ ಕಾಣುವ ಮೆಟ್ಟಿಲಿನ ಬಹುಪಾಲು ಇದೇ.

ಅದೃಷ್ಟಕ್ಕೆ ಹೋಲಿಕೆಗೆ ದಾರಿ ಸರ್ಕಾರದ ಆದೇಶಗಳಲ್ಲೇ ಇದೆ. ಇಳುವರಿ ಶೇ 9.5ಕ್ಕಿಂತ ಕಡಿಮೆ ಬಂದ ಕಾರ್ಖಾನೆಗಳಿಗೆ ಕಬ್ಬು ಕೊಟ್ಟ ರೈತರಿಗೆ ದರವನ್ನು ಇನ್ನಷ್ಟು ಕಡಿತ ಮಾಡಬಾರದೆಂದು ಪ್ರತಿ ವರ್ಷ ಒಂದು ತಳಮಟ್ಟದ ದರವನ್ನೂ ಹೇಳಲಾಗುತ್ತದೆ. 2017–18ರ 255ರ ಮುಂದೆ ಆ ದರಗಳನ್ನು ಬರೆದರೆ 261.25, ಮತ್ತೆ 261.25, 270.75, 275.50, 282.13, 291.98, 315.10, 329.05. ಎಲ್ಲವೂ ಅದೇ ಒಂಬತ್ತೂವರೆ ಇಳುವರಿಯ ಕಬ್ಬಿಗೆ. ಎರಡು ಸಾಲುಗಳನ್ನು ಮೇಲೆ ಕೆಳಗೆ ಇಟ್ಟು ಎರಡಕ್ಕೂ ಒಂದೇ ಅಳತೆಯಲ್ಲಿ ಗೆರೆ ಹಾಕಿದರೆ ಒಂದೇ ಕಡೆ ಹೊರಟ ಎರಡು ದಾರಿಗಳು ಬೇರೆಯಾಗುತ್ತ ಹೋಗುವುದು ಕಾಣುತ್ತದೆ. ಮೇಲಿನದು ಎಂಟು ವರ್ಷಗಳಲ್ಲಿ 100 ರೂಪಾಯಿ ಏರಿದೆ, ಶೇ 39. ಕೆಳಗಿನದು 74 ರೂಪಾಯಿ ಐದು ಪೈಸೆ, ಶೇ 29. ಬೆಳಗಾವಿ ಜಿಲ್ಲೆಯಲ್ಲಿ ಇಳುವರಿ ಇದಕ್ಕಿಂತ ಹೆಚ್ಚಿರುತ್ತದೆ, ಹೆಚ್ಚಿನ ಪ್ರತಿ 0.1ಕ್ಕೂ ಹೆಚ್ಚುವರಿ ಹಣವಿದೆ. ಆದರೆ ಆ ಹೆಚ್ಚುವರಿಯೂ ಮೂಲ ದರದ ಅನುಪಾತದಲ್ಲೇ ನಿಗದಿಯಾಗುವುದರಿಂದ ಒಂದೇ ಇಳುವರಿಯ ಕಬ್ಬನ್ನು ಹೋಲಿಸಿದರೆ ಏರಿಕೆ ಅದೇ ಶೇ 29ರ ಸುಮಾರಿಗೆ ನಿಲ್ಲುತ್ತದೆ.

ಗುರ್ಲಾಪುರದಲ್ಲಿ ಕುಳಿತ ರೈತ ಈ ಎರಡು ಗೆರೆಗಳ ನಡುವಿನ ಅಂತರವನ್ನು ಬಿಲ್ಲಿನಲ್ಲಿ ಅನುಭವಿಸಿದವನು. ಅದನ್ನು ಕಾಗದದ ಮೇಲೆ ಕಾಣುವಂತೆ ಮಾಡುವ ಕೆಲಸ ಎರಡು ಸೆಲ್‌ಗಳಿಂದ ಆಗುತ್ತದೆ. ಇಂಥದ್ದೊಂದು ಹಾಳೆ ರೈತ ಸಂಘಟನೆಗಳ ಮನವಿಪತ್ರಕ್ಕೆ ಅಂಟಿಕೊಂಡು ಬರಬೇಕು. ಅದರ ಕೆಳಗೆ ಮೂರನೆಯ ಸಾಲಾಗಿ ಗೊಬ್ಬರ, ಡೀಸೆಲ್, ಕಟಾವಿನ ಗ್ಯಾಂಗಿನ ಕೂಲಿ ತಮ್ಮ ಊರಿನಲ್ಲಿ ವರ್ಷ ವರ್ಷ ಎಷ್ಟಿತ್ತು ಎಂಬುದನ್ನು ಬರೆದಿಟ್ಟುಕೊಂಡರೆ ಮಾತುಕತೆಯ ಮೇಜಿನ ಮೇಲೆ ಅದಕ್ಕಿರುವ ತೂಕ ಘೋಷಣೆಗಿಲ್ಲ.

ನೀರಿನ ಲೆಕ್ಕ ಇನ್ನೊಂದು ಬಗೆಯದು.

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡಲಾಗಿ ನಿಂತಿರುವ ರಾಜಾ ಲಖಮಗೌಡ ಜಲಾಶಯದ ಗರಿಷ್ಠ ಮಟ್ಟ 2,175 ಅಡಿ, ಸಾಮರ್ಥ್ಯ 51 ಟಿಎಂಸಿ ಅಡಿ. ಮಳೆಗಾಲದಲ್ಲಿ ಅದರ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಪ್ರತಿದಿನ ಪ್ರಕಟವಾಗುತ್ತವೆ. ಪತ್ರಿಕೆಗಳ ಜಲಾಶಯ ಪಟ್ಟಿಯಲ್ಲಿ ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ ಎಂಬ ಎರಡು ಅಂಕಿ ಬರುತ್ತವೆ. ಎರಡು ಬಿಂದುಗಳ ನಡುವೆ ಏನಾಯಿತು ಎಂಬುದು ಆ ಪಟ್ಟಿಯಲ್ಲಿಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದು ಬೆರಳಗಲದ ಅಂಕಣ ಕೊಟ್ಟು ಕಳೆದ ಮೂವತ್ತು ದಿನಗಳ ಗೆರೆಯನ್ನು ಅಚ್ಚು ಹಾಕಿದರೆ ಕನ್ನಡದ ಓದುಗರಿಗೆ ದೊಡ್ಡ ಉಪಕಾರ. ಆ ಜಾಗ ಖಂಡಿತ ವ್ಯರ್ಥವಾಗುವುದಿಲ್ಲ.

ಹಿಡಕಲ್‌ನ ಅಂಕಿಗಳನ್ನು ತಿಂಗಳುವಾರು ಹಾಕುವವರು ಮೊದಲು ತೀರ್ಮಾನಿಸಬೇಕಾದದ್ದು ಸಾಲು ಯಾವ ತಿಂಗಳಿಂದ ಶುರುವಾಗಬೇಕು ಎಂಬುದನ್ನು. ಜನವರಿಯಿಂದ ಹಾಕಿದರೆ ಗೆರೆ ಇಳಿಯುತ್ತ ಹೋಗಿ, ಗುಂಡಿ ಬಿದ್ದು, ಮತ್ತೆ ಏರುತ್ತದೆ. ಒಂದು ಮಳೆಗಾಲದ ನೀರು ಎರಡು ಸಾಲುಗಳಿಗೆ ಹಂಚಿಹೋಗುತ್ತದೆ. ಜೂನ್‌ನಿಂದ ಮೇ ತನಕ ಹಾಕಿದರೆ ಒಂದು ಸಾಲು ಒಂದು ಮಳೆಗಾಲದ ಪೂರ್ತಿ ಕಥೆ: ತಳದಿಂದ ಏರಿ, ತುಂಬಿ, ಕಾಲುವೆಗಳಿಗೆ ಬಿಟ್ಟಂತೆ ಇಳಿಯುವ ಒಂದು ದಿಬ್ಬ. ಅಂಥ ಸಾಲುಗಳನ್ನು ವರ್ಷದ ಕೆಳಗೆ ವರ್ಷದಂತೆ ಇಟ್ಟರೆ ಯಾವ ವರ್ಷ ದಿಬ್ಬ ತಡವಾಗಿ ಎದ್ದಿತು, ಯಾವ ವರ್ಷ ಬೇಗ ಕುಸಿಯಿತು ಎಂಬುದು ಹಾಳೆಯ ಬಲಗಡೆ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿದರೆ ತಿಳಿಯುತ್ತದೆ. ಮುಂಗಾರು ತಡವಾದ 2023ರ ಜೂನ್‌ನಲ್ಲಿ ಹಿನ್ನೀರು ಸರಿದು ಮುಳುಗಿದ್ದ ವಿಠ್ಠಲನ ಗುಡಿ ಹೊರಬಂದಾಗ ಜನ ನೋಡಲು ಹೋದರು. ಆ ಗುಡಿ ಹೊರಗೆ ಕಂಡ ತಿಂಗಳು ಹಾಳೆಯ ಮೇಲೆ ಗೆರೆಯ ತಳಬಿಂದು.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳ ಕಚೇರಿಗಳಿಗೂ ವರ್ಷ ಒಂದೇ ದಿನ ಹುಟ್ಟುವುದಿಲ್ಲ. ಸಕ್ಕರೆ ಕಾರ್ಖಾನೆಗೆ ಅಕ್ಟೋಬರ್‌ನಲ್ಲಿ, ನೀರಾವರಿಗೆ ಜೂನ್‌ನಲ್ಲಿ, ವಿದ್ಯುತ್ ಮತ್ತು ಬ್ಯಾಂಕಿನ ಲೆಕ್ಕಕ್ಕೆ ಏಪ್ರಿಲ್‌ನಲ್ಲಿ. ಎಲ್ಲವನ್ನೂ ಒಂದೇ ಹಾಳೆಗೆ ತಂದು ಗೆರೆ ಹಾಕುವ ಮೊದಲು ತಿಂಗಳುಗಳನ್ನು ಹೊಂದಿಸದಿದ್ದರೆ ನೀರು ಇಳಿದ ಮೇಲೆ ಪಂಪ್‌ಸೆಟ್ ಓಡಿತೋ, ಪಂಪ್‌ಸೆಟ್ ಓಡಿದ ಮೇಲೆ ನೀರು ಇಳಿಯಿತೋ ಗೊತ್ತಾಗದು.

ಮಟ್ಟವನ್ನು ಅಡಿಗಳಲ್ಲಿ ಹಾಕಬೇಕೋ, ಸಂಗ್ರಹವನ್ನು ಟಿಎಂಸಿಯಲ್ಲಿ ಹಾಕಬೇಕೋ? ಸಂಗ್ರಹವೇ ಸರಿ. ಕಣಿವೆ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ 2,174ರಿಂದ 2,175ಕ್ಕೆ ಏರುವ ಒಂದು ಅಡಿಯಲ್ಲಿರುವ ನೀರು ತಳದ ಒಂದು ಅಡಿಗಿಂತ ಎಷ್ಟೋ ಪಟ್ಟು ಹೆಚ್ಚು. ಅಡಿಯ ಗೆರೆ ಬೇಸಿಗೆಯ ಇಳಿತವನ್ನು ಹಿಗ್ಗಿಸಿ, ತುಂಬುವ ಹೊತ್ತಿನ ಏರಿಕೆಯನ್ನು ಕುಗ್ಗಿಸಿ ತೋರಿಸುತ್ತದೆ.

ಇನ್ನು ಅಳತೆಯ ಪ್ರಶ್ನೆ. ಹುಕ್ಕೇರಿ ತಾಲ್ಲೂಕಿನಲ್ಲೇ ಶಿರೂರಿನ ಹತ್ತಿರ ಮಾರ್ಕಂಡೇಯ ನದಿಗೆ ಇನ್ನೊಂದು ಜಲಾಶಯವಿದೆ. ಅದರ ಸಾಮರ್ಥ್ಯ ಹಿಡಕಲ್‌ನ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಎರಡರ ಸಾಲುಗಳಿಗೂ ಗೆರೆ ಹಾಕಿದರೆ ಎಕ್ಸೆಲ್ ಸುಮ್ಮನೆ ತನ್ನ ಪದ್ಧತಿಯಂತೆ ಪ್ರತಿ ಸಾಲಿನ ಅತಿ ಕಡಿಮೆ ಅಂಕಿಯನ್ನು ಸೆಲ್‌ನ ತಳಕ್ಕೆ, ಅತಿ ಹೆಚ್ಚಿನದನ್ನು ನೆತ್ತಿಗೆ ಒಯ್ಯುತ್ತದೆ. ಎರಡು ದಿಬ್ಬಗಳೂ ಒಂದೇ ಎತ್ತರ! ಹಿಡಕಲ್‌ನಲ್ಲಿ ಮೂವತ್ತು ಟಿಎಂಸಿ ಏರಿದ್ದೂ ಶಿರೂರಿನಲ್ಲಿ ಎರಡು ಟಿಎಂಸಿ ಏರಿದ್ದೂ ಒಂದೇ ರೀತಿ ಕಾಣುತ್ತವೆ. ಆಕ್ಸಿಸ್ ಎಂಬ ಪಟ್ಟಿಯಲ್ಲಿ ‘ಎಲ್ಲ ಸ್ಪಾರ್ಕ್‌ಲೈನ್‌ಗಳಿಗೂ ಒಂದೇ’ ಎಂಬುದನ್ನು ಆರಿಸಿದರೆ ಶಿರೂರಿನ ಗೆರೆ ತಳದಲ್ಲಿ ಮಲಗಿಬಿಡುತ್ತದೆ, ಅದರ ಏರಿಳಿತವೇ ಕಾಣದು. ಎರಡರಿಂದಲೂ ಉಪಯೋಗವಿಲ್ಲ. ಸಂಗ್ರಹವನ್ನು ಆಯಾ ಜಲಾಶಯದ ಸಾಮರ್ಥ್ಯದ ಶೇಕಡಾವಾರು ಮಾಡಿ, ತಳಕ್ಕೆ ಸೊನ್ನೆ, ನೆತ್ತಿಗೆ ನೂರು ಎಂದು ಕೈಯಾರೆ ಕೊಟ್ಟರೆ ಎರಡು ಗೆರೆಗಳು ನಿಜವಾಗಿ ಮಾತಾಡಿಕೊಳ್ಳುತ್ತವೆ. ಅಳತೆಯ ಈ ತೀರ್ಮಾನವನ್ನು ಯಂತ್ರಕ್ಕೆ ಬಿಡಬಾರದು. ಸ್ಪಾರ್ಕ್‌ಲೈನ್ ಬಳಕೆಯಲ್ಲಿ ಕಲಿಯಲೇಬೇಕಾದ ಪಾಠ ಒಂದೇ ಇದ್ದರೆ ಅದು ಇದು.

ಗೋಕಾಕಕ್ಕೆ ಈ ಹೋಲಿಕೆ ಬದುಕಿನ ಪ್ರಶ್ನೆಯೂ ಹೌದು. 2019ರ ಆಗಸ್ಟ್ ಮೊದಲ ವಾರದ ಪ್ರವಾಹದಲ್ಲಿ ಲೋಳಸೂರ ಸೇತುವೆ ಮುಳುಗಿ, ನಗರದ ತಗ್ಗಿನ ಗಲ್ಲಿಗಳಿಗೆ ನೀರು ನುಗ್ಗಿತು. ಊರಿನತ್ತ ಬರುವ ನೀರು ಒಂದೇ ಬಾಗಿಲಿನದ್ದಲ್ಲ. ಹಿಡಕಲ್‌ನಿಂದ ಬಿಟ್ಟ ಘಟಪ್ರಭೆ, ಅಂಬೋಲಿ ಘಟ್ಟದಿಂದ ಸಂಕೇಶ್ವರದ ಮೇಲೆ ಹರಿದು ಅಣೆಕಟ್ಟಿನ ಕೆಳಗೆ ಬಂದು ಕೂಡುವ ಹಿರಣ್ಯಕೇಶಿ, ಶಿರೂರು ದಾಟಿ ಗೊಡಚಿನಮಲ್ಕಿಯಲ್ಲಿ ಧುಮುಕಿ ಗೋಕಾಕದ ಬಳಿ ಸೇರುವ ಮಾರ್ಕಂಡೇಯ. ಮೂರು ಸಾಲು, ಗಂಟೆಗೊಂದು ಅಂಕಿ, ಕೊನೆಯಲ್ಲಿ ಮೂರು ಗೆರೆ. ಯಾವ ನದಿ ಮೊದಲು ಏರಿತು, ಮೂರೂ ಒಟ್ಟಿಗೆ ಏರುತ್ತಿವೆಯೇ, ಒಂದು ಇಳಿಯುವಾಗ ಇನ್ನೊಂದು ಏರುತ್ತಿದೆಯೇ ಎಂಬುದು ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಒಂದು ಲಕ್ಷ ಕ್ಯೂಸೆಕ್ ಎಂಬ ಒಂಟಿ ಅಂಕಿಗಿಂತ ಹೆಚ್ಚು ಬೇಕಾದ ಸುದ್ದಿ. 1897ರಲ್ಲಿ ಇದೇ ಘಟಪ್ರಭೆಗೆ ಧೂಪದಾಳದ ಒಡ್ಡು ಕಟ್ಟಿ ಮುಗಿಸಿದವರಿಗೂ ನೀರಿನ ಅಳತೆ ಬರೆದಿಡುವುದು ಗೊತ್ತಿತ್ತು. ಬರೆದಿಟ್ಟದ್ದನ್ನು ಆ ಕ್ಷಣವೇ ಆಕಾರವಾಗಿ ನೋಡುವ ಸೌಲಭ್ಯ ಮಾತ್ರ ನಮ್ಮ ಕಾಲದ್ದು.

ಹುಕ್ಕೇರಿಯಲ್ಲಿ ಇನ್ನೊಂದು ಅಪರೂಪದ ಸಂಸ್ಥೆ ಇದೆ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಆರಂಭವಾದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಹುಕ್ಕೇರಿಯದು. ರಾಜ್ಯದ ಉಳಿದ ಕಡೆ ಎಸ್ಕಾಂಗಳು ಮಾಡುವ ಕೆಲಸವನ್ನು ಇಲ್ಲಿ ಈ ಸಂಘ ಮಾಡುತ್ತದೆ. ವಿದ್ಯುತ್ ಖರೀದಿಸಿ ಹಳ್ಳಿಗಳಿಗೆ ಹಂಚುತ್ತದೆ, ದರವನ್ನು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಇಂಥ ಸಂಸ್ಥೆಯ ಆರೋಗ್ಯ ಅಡಗಿರುವುದು ಎರಡು ಸಾಲುಗಳ ನಡುವೆ: ಫೀಡರ್‌ಗೆ ಹೋದ ಯೂನಿಟ್ ಎಷ್ಟು, ಬಿಲ್ ಆದ ಯೂನಿಟ್ ಎಷ್ಟು.

ನೀರಾವರಿ ಹೆಚ್ಚಿರುವ ಕಡೆಯ ಫೀಡರ್ ಒಂದಕ್ಕೆ ತನ್ನದೇ ಆಕಾರವಿರುತ್ತದೆ. ಮಾರ್ಚ್‌ನಿಂದ ಮೇ ತನಕ ಪಂಪ್‌ಸೆಟ್‌ಗಳು ಓಡಿ ಎತ್ತರ, ಜುಲೈ ಮಳೆಯಲ್ಲಿ ತಗ್ಗು, ಹಿಂಗಾರಿನಲ್ಲಿ ಮತ್ತೆ ಏರು. ಐವತ್ತು ಫೀಡರ್‌ಗಳ ಐವತ್ತು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟರೆ ನಲವತ್ತೆಂಟು ಒಂದೇ ರೀತಿ ಬಾಗಿರುವಾಗ ಮಳೆಗಾಲದಲ್ಲೂ ಬಾಗದ ಎರಡು ಗೆರೆಗಳು ತಾವಾಗಿ ಎದ್ದು ಕಾಣುತ್ತವೆ. ಕಾರಣ ತಪ್ಪಿನದ್ದೇ ಆಗಿರಬೇಕಿಲ್ಲ. ಕುಡಿಯುವ ನೀರಿನ ಯೋಜನೆ ಇರಬಹುದು, ಹೊಸ ಕಾರ್ಖಾನೆ ಇರಬಹುದು, ಮೀಟರ್ ಕೆಟ್ಟಿರಬಹುದು, ಕಳವೂ ಇರಬಹುದು. ಗೆರೆ ಕಾರಣ ಹೇಳುವುದಿಲ್ಲ. ಲೈನ್‌ಮನ್ ಯಾವ ಊರಿಗೆ ಮೊದಲು ಹೋಗಬೇಕು ಎಂಬುದನ್ನು ಹೇಳುತ್ತದೆ.

ಇಲ್ಲಿ ಖಾಲಿ ಸೆಲ್‌ನ ವಿಷಯವೂ ಬರುತ್ತದೆ. ಒಂದು ತಿಂಗಳು ಮೀಟರ್ ಓದಿಲ್ಲ ಎಂದಿಟ್ಟುಕೊಳ್ಳಿ. ಗುಮಾಸ್ತರು ಅಲ್ಲಿ ಸೊನ್ನೆ ಬರೆದರೆ ಗೆರೆ ತಳಕ್ಕೆ ಬಿದ್ದು ಎದ್ದುಬರುತ್ತದೆ, ಆ ತಿಂಗಳು ಇಡೀ ಊರು ಕತ್ತಲಲ್ಲಿತ್ತು ಎಂದು ಅರ್ಥವಾಗುತ್ತದೆ. ಖಾಲಿ ಬಿಟ್ಟರೆ ಎಕ್ಸೆಲ್ ಮೂರು ದಾರಿ ಕೊಡುತ್ತದೆ: ಅಂತರ ಬಿಡು, ಸೊನ್ನೆ ಎಂದುಕೋ, ಅಥವಾ ಆಚೀಚಿನ ಬಿಂದುಗಳನ್ನು ಗೆರೆಯಿಂದ ಜೋಡಿಸು. ಅಂತರ ಬಿಡುವುದೇ ಪ್ರಾಮಾಣಿಕ. ಓದದ ಮೀಟರ್ ಓದಿಲ್ಲವೆಂದೇ ಕಾಣಲಿ. ಜೋಡಿಸಿದ ಗೆರೆ ನುಣ್ಣಗೆ ಚಂದವಾಗಿರುತ್ತದೆ, ಆದರೆ ಆ ತಿಂಗಳ ವಿದ್ಯುತ್ ಎಷ್ಟೆಂದು ಯಾರೂ ಅಳೆದಿರುವುದಿಲ್ಲ.

ರೂಪಾಯಿಯ ಸಾಲನ್ನೂ ಯೂನಿಟ್‌ನ ಸಾಲನ್ನೂ ಬೆರೆಸಬಾರದು. ಗೃಹಜ್ಯೋತಿ ಯೋಜನೆಯಡಿ 2023ರ ಆಗಸ್ಟ್‌ನಿಂದ ಶೂನ್ಯ ಬಿಲ್‌ಗಳು ಬರತೊಡಗಿದವು. ಮನೆಗಳಿಂದ ವಸೂಲಾದ ಹಣದ ಗೆರೆ ಅಲ್ಲಿ ಕುಸಿಯುತ್ತದೆ, ಬಳಸಿದ ಯೂನಿಟ್‌ಗಳ ಗೆರೆ ತನ್ನ ಪಾಡಿಗೆ ನಡೆಯುತ್ತದೆ.

ಶಾಲೆಗಳ ಕಡೆಗೆ ಬಂದರೆ, ಈ ಮೂರೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿವೆ. ಮೂಡಲಗಿ ಶೈಕ್ಷಣಿಕ ವಲಯಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹೆಸರಿದೆ, ಪ್ರತಿ ಮೇ ತಿಂಗಳು ಅಲ್ಲಿನ ಶಿಕ್ಷಕರು ಶಾಲಾವಾರು ಅಂಕಿ ಹಿಡಿದು ಕೂರುತ್ತಾರೆ. ಅವರ ಮುಂದಿರುವ ಹಾಳೆಯಲ್ಲಿ ಸಾಲು ಸಾಲಾಗಿ ಶಾಲೆಗಳು, ಕಾಲಂಗಳಲ್ಲಿ ವರ್ಷಗಳು. ಸ್ಪಾರ್ಕ್‌ಲೈನ್‌ಗೆ ಇದಕ್ಕಿಂತ ತಕ್ಕ ಹಾಳೆ ಬೇರೆ ಸಿಗದು. ಆದರೆ ಹಾಕಿದ ತಕ್ಷಣ ಎಲ್ಲ ಶಾಲೆಗಳ ಗೆರೆಯೂ ಒಂದೇ ಥರ ಕಾಣುತ್ತದೆ: ನಡುವೆ ಒಂದು ಶಿಖರ, ಆಚೀಚೆ ತಗ್ಗು.

ಕಾರಣ ರಾಜ್ಯದ ಅಂಕಿಗಳಲ್ಲೇ ಇದೆ. ಶೇಕಡಾವಾರು ಫಲಿತಾಂಶ 2017ರಲ್ಲಿ 67.87, 2018ರಲ್ಲಿ 71.93, 2019ರಲ್ಲಿ 73.70, 2020ರಲ್ಲಿ 71.80. 2021ರಲ್ಲಿ ಕೋವಿಡ್ ಕಾರಣ ಎರಡೇ ದಿನ ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದು ಬಹುತೇಕ ಎಲ್ಲರೂ ಪಾಸು. 2022ರಲ್ಲಿ 85.63, 2023ರಲ್ಲಿ 83.89, 2024ರಲ್ಲಿ 73.40. ಆ ಒಂದು ವರ್ಷದ ನೂರು ಸೆಲ್‌ನ ನೆತ್ತಿಯನ್ನು ಹಿಡಿದು ಕೂತಿತೆಂದರೆ 2017ರಿಂದ 2020ರ ತನಕ ಶಾಲೆಯೊಂದು ಬೆವರು ಸುರಿಸಿ ಗಳಿಸಿದ ನಾಲ್ಕಾರು ಅಂಶಗಳ ಏರಿಕೆ ತಳದಲ್ಲೇ ಒತ್ತಿಹೋಗುತ್ತದೆ. 2021ರ ಕಾಲಂ ಅನ್ನು ಗೆರೆಯ ಮಟ್ಟಿಗೆ ಖಾಲಿ ಬಿಟ್ಟು, ಕೆಳಗೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆದಿಡುವುದು ಸರಿಯಾದ ದಾರಿ.

2024ರ ಕುಸಿತಕ್ಕೂ ಟಿಪ್ಪಣಿ ಬೇಕು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಫಲಿತಾಂಶ ತೀರ ಕೆಳಗಿಳಿದಾಗ ಗ್ರೇಸ್ ಅಂಕಗಳನ್ನು ಶೇ 10ರಿಂದ ಶೇ 20ಕ್ಕೆ ಏರಿಸಲಾಯಿತು, 73.40 ಬಂದದ್ದು ಅದರ ನಂತರ. ಹೀಗಿರುವಾಗ ಶಾಲೆಯ ಗೆರೆಯನ್ನು ಅದರ ಹಿಂದಿನ ವರ್ಷದ ಜೊತೆ ಹೋಲಿಸಿ ಶಿಕ್ಷಕರನ್ನು ಹೊಗಳುವುದಾಗಲಿ ತೆಗಳುವುದಾಗಲಿ ನ್ಯಾಯವಲ್ಲ. ಶಾಲೆಯ ಫಲಿತಾಂಶದಿಂದ ರಾಜ್ಯದ ಫಲಿತಾಂಶ ಕಳೆದು ಉಳಿದದ್ದನ್ನು ಇನ್ನೊಂದು ಸಾಲಿನಲ್ಲಿ ಬರೆದು ಅದಕ್ಕೆ ಕಾಲಂ ಬಗೆಯ ಸ್ಪಾರ್ಕ್‌ಲೈನ್ ಹಾಕಬೇಕು. ರಾಜ್ಯಕ್ಕಿಂತ ಮೇಲಿದ್ದ ವರ್ಷ ಕಡ್ಡಿ ಮೇಲಕ್ಕೆ, ಕೆಳಗಿದ್ದ ವರ್ಷ ಕೆಳಕ್ಕೆ. ‘ನೆಗೆಟಿವ್ ಪಾಯಿಂಟ್ಸ್’ ಗುರುತು ಹಾಕಿದರೆ ಕೆಳಗಿನವು ಕೆಂಪಾಗುತ್ತವೆ. ಆಗ ಪರೀಕ್ಷೆ ಸುಲಭವಾದದ್ದು, ಕಠಿಣವಾದದ್ದು ಎಲ್ಲರಿಗೂ ಒಂದೇ ಆಗಿ ಕಳೆದುಹೋಗಿ ಶಾಲೆಯ ಸ್ವಂತ ದುಡಿಮೆ ಉಳಿಯುತ್ತದೆ. ಊರ ಹೊರಗಿನ ಒಂದು ಸಣ್ಣ ಸರ್ಕಾರಿ ಶಾಲೆ ರಾಜ್ಯ ಕುಸಿದ ವರ್ಷವೂ ಕುಸಿಯದೆ ನಿಂತದ್ದು ಈ ಕಡ್ಡಿಗಳಲ್ಲಿ ಮಾತ್ರ ಕಾಣಲು ಸಾಧ್ಯ. ಅಂಥ ಶಾಲೆಗಳನ್ನು ಹುಡುಕಿ ತೆಗೆಯಲು ಇದೊಂದೇ ಉಪಯೋಗವಾದರೂ ಸಾಕು.

ಸೆಲ್‌ನ ಆಕಾರದ ಬಗ್ಗೆಯೂ ಒಂದು ಮಾತು. ಸೆಲ್ ಉದ್ದವಾಗಿ ಕುಳ್ಳಗಿದ್ದರೆ ಎಂಥ ಏರಿಕೆಯೂ ಸಪಾಟು, ಕಿರಿದಾಗಿ ಎತ್ತರವಿದ್ದರೆ ಎಂಥ ಸಣ್ಣ ಬದಲಾವಣೆಯೂ ಬೆಟ್ಟ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಕ್ಲೀವ್‌ಲ್ಯಾಂಡ್ 1980ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿ, ಗೆರೆಯ ಏರಿಳಿತಗಳು ಸರಾಸರಿ 45 ಡಿಗ್ರಿಯ ಆಸುಪಾಸು ಬಾಗಿದ್ದಾಗ ಕಣ್ಣು ಅವನ್ನು ಚೆನ್ನಾಗಿ ಹೋಲಿಸುತ್ತದೆ ಎಂದು ತೋರಿಸಿದರು. ಸಾಲಿನ ಎತ್ತರವನ್ನು ತುಸು ಹೆಚ್ಚಿಸಿ, ಕಾಲಂ ಅಗಲವನ್ನು ಹೊಂದಿಸಿ, ಆಮೇಲೆ ಮುದ್ರಿಸುವುದು ಒಳ್ಳೆಯದು. ಹೈ ಪಾಯಿಂಟ್, ಲೋ ಪಾಯಿಂಟ್ ಎರಡಕ್ಕೆ ಮಾತ್ರ ಬಣ್ಣ ಕೊಟ್ಟರೆ ಸಾಕು. ಪ್ರತಿ ಬಿಂದುವಿಗೂ ಚುಕ್ಕೆ ಇಟ್ಟರೆ ಗೆರೆ ಮುಚ್ಚಿಹೋಗುತ್ತದೆ.

ಕೊನೆಯದಾಗಿ, ಈ ಭಾಗದಲ್ಲಿ ಯಾವ ಹಳೆಯ ಅಂಕಿ ತೆಗೆದರೂ ಎದುರಾಗುವ ಒಂದು ಬಿರುಕು. ಮೂಡಲಗಿ ಪ್ರತ್ಯೇಕ ತಾಲ್ಲೂಕಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಅದಕ್ಕೂ ಮುಂಚೆ ಅಲ್ಲಿನ ಹಳ್ಳಿಗಳು ಗೋಕಾಕ ತಾಲ್ಲೂಕಿನಲ್ಲಿದ್ದವು. ತಾಲ್ಲೂಕುವಾರು ಕಬ್ಬಿನ ಕ್ಷೇತ್ರ, ಪಡಿತರ ಚೀಟಿ, ಜಾನುವಾರು, ಯಾವ ಸಾಲನ್ನಾದರೂ ಹಾಕಿ ನೋಡಿದರೆ ಗೋಕಾಕದ ಗೆರೆ ಆ ವರ್ಷದ ಸುಮಾರಿಗೆ ಪ್ರಪಾತಕ್ಕೆ ಬೀಳುತ್ತದೆ. ಮೂಡಲಗಿಯ ಗೆರೆಗೆ ಅದರ ಹಿಂದೆ ಏನೂ ಇಲ್ಲ. ಗೋಕಾಕದಲ್ಲಿ ಕಬ್ಬು ಕಡಿಮೆಯಾಗಿಲ್ಲ, ಗಡಿ ಸರಿದಿದೆ ಅಷ್ಟೆ. ಹೀಗೆಯೇ ನಿಪ್ಪಾಣಿ ಬೇರೆಯಾದದ್ದು ಚಿಕ್ಕೋಡಿಯ ಸಾಲಿನಲ್ಲಿ, ಕಾಗವಾಡ ಬೇರೆಯಾದದ್ದು ಅಥಣಿಯ ಸಾಲಿನಲ್ಲಿ ಕಾಣುತ್ತದೆ.

ಸುಲಭದ ಪರಿಹಾರವೆಂದರೆ ಎರಡು ತಾಲ್ಲೂಕುಗಳ ಕೆಳಗೆ ‘ಗೋಕಾಕ–ಮೂಡಲಗಿ ಒಟ್ಟು’ ಎಂಬ ಮೂರನೆಯ ಸಾಲು ಸೇರಿಸಿ ಗೆರೆಯನ್ನು ಅದಕ್ಕೆ ಮಾತ್ರ ಹಾಕುವುದು. ಮೂಡಲಗಿಗೆ ತನ್ನದೇ ಗೆರೆ ಬೇಕೆಂದರೆ ಹಳ್ಳಿವಾರು ಅಂಕಿಗೆ ಇಳಿಯಬೇಕು. ಅದು ಶ್ರಮದ ಕೆಲಸ, ಆದರೆ ಆಗದ ಕೆಲಸವಲ್ಲ. 2011ರ ಜನಗಣತಿ ಪ್ರತಿ ಹಳ್ಳಿಯ ಅಂಕಿಯನ್ನೂ ಪ್ರಕಟಿಸಿದೆ. ಈಗಿನ ಮೂಡಲಗಿ ತಾಲ್ಲೂಕಿನ ಹಳ್ಳಿಗಳ ಪಟ್ಟಿ ಹಿಡಿದು ಆ ಅಂಕಿಗಳನ್ನು ಕೂಡಿದರೆ ತಾಲ್ಲೂಕು ಹುಟ್ಟುವ ಮುಂಚಿನ ಮೂಡಲಗಿಯ ಜನಸಂಖ್ಯೆ, ಸಾಕ್ಷರತೆ ಕೈಗೆ ಬರುತ್ತವೆ. 2001ಕ್ಕೂ ಹಾಗೆಯೇ ಹೋಗಬಹುದು. 2027ರ ಜನಗಣತಿಯಲ್ಲಿ ಮೂಡಲಗಿ ತಾಲ್ಲೂಕಿಗೆ ಮೊದಲ ಬಾರಿಗೆ ಸ್ವಂತ ಸಾಲು ಸಿಗಲಿದೆ. ಕಲ್ಲೋಳಿಯದೋ ಅರಭಾವಿಯದೋ ಕಾಲೇಜು ವಿದ್ಯಾರ್ಥಿಗಳು ಅದಕ್ಕೂ ಮೊದಲೇ ಹಿಂದಿನ ಎರಡು ಸೆಲ್‌ಗಳನ್ನು ತುಂಬಿಸಿಟ್ಟುಕೊಂಡರೆ, ಹೊಸ ಅಂಕಿ ಬಂದ ದಿನ ಮೂರನೆಯ ಸೆಲ್ ತುಂಬಿಸುವುದಷ್ಟೇ ಬಾಕಿ.